ಫ್ಲಾಸ್ಕಿನಲ್ಲಿ ಹಲಸೂರು

ಹಲಸೂರು

ವಿದೇಶಕ್ಕೆ ಹೊರಟವರು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದನ್ನು ಕೇಳಿದ್ದೇನೆ. ನಾನು ಕಟ್ಟಿಕೊಂಡು ಹೋದದ್ದು ನಮ್ಮ ಮನೆಯ ಕಾಫಿ ಫ್ಲಾಸ್ಕನ್ನು. ಅದರಲ್ಲಿ ಕಾಫಿ ಇರಲಿಲ್ಲ. ಕುಟ್ಟಿ ಪುಡಿ ಮಾಡಿದ ಐಸು, ಐಸಿನ ನಡುವೆ ಕಿರುಬೆರಳು ಗಾತ್ರದ ಮೂರು ಪ್ಲಾಸ್ಟಿಕ್ ಟ್ಯೂಬು, ಅವುಗಳಲ್ಲಿ ನೋಡಲು ಬರೀ ನೀರಿನಂತಿರುವ ದ್ರವ. ಆ ನೀರಿಗೆ ನನ್ನ ಮೂರು ವರ್ಷ ಖರ್ಚಾಗಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಸ್ವೀಡನ್ ದೇಶದ ಲುಂಡ್ ಎಂಬ ಊರಿಗೆ ಹೊರಟಿದ್ದೆ.

ಫ್ಲಾಸ್ಕಿನಲ್ಲಿ ಏನಿತ್ತು ಎಂದು ಹೇಳದೆ ಮುಂದೆ ಹೋದರೆ ಓದುವವರಿಗೆ ಮೋಸ ಮಾಡಿದಂತೆ. ಆದ್ದರಿಂದ ಒಂದು ಪ್ಯಾರಾ ಪಾಠ ಸಹಿಸಿಕೊಳ್ಳಬೇಕು. ಪುಲಿಕೇಶಿನಗರದ ಮಸೀದಿ ರಸ್ತೆಯಲ್ಲಿ ಪಾಯಾ ಸೂಪು ಕುಡಿದವರಿಗೆ ಗೊತ್ತು, ಅದು ಆರಿದರೆ ಮೇಲೆ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಕುರಿಯ ಕಾಲಿನಿಂದ ಬಿಟ್ಟುಕೊಂಡ ಆ ಅಂಟೇ ಕೊಲ್ಲಾಜೆನ್ ಎಂಬ ಪ್ರೋಟೀನು. ನಮ್ಮ ಮೈಯಲ್ಲೂ ಚರ್ಮ, ಮೂಳೆ, ಮಾಂಸಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವುದು ಅದರ ಹಗ್ಗಗಳೇ. ರಕ್ತದಲ್ಲಿ ತೇಲಾಡುವ ಬಿಳಿ ಕಣಗಳು ಸೋಂಕಿನ ವಿರುದ್ಧ ಹೋರಾಡಲು ರಕ್ತನಾಳದಿಂದ ಹೊರಬಿದ್ದು ಮಾಂಸದೊಳಗೆ ನುಗ್ಗಬೇಕಾದಾಗ ಈ ಹಗ್ಗಗಳನ್ನೇ ಹಿಡಿದುಕೊಂಡು ಸಾಗುತ್ತವೆ. ಹಿಡಿಯಲು ಕೈ ಬೇಕಲ್ಲ? ಕಣದ ಮೈಮೇಲಿರುವ ಆ ಕೈಗೆ ನಾವು ಗ್ರಾಹಕ ಎನ್ನುತ್ತೇವೆ. ಸುಮ್ಮನಿರುವ ಕಣಕ್ಕೆ ಈ ಕೈ ಇರುವುದಿಲ್ಲ. ಕೆರಳಿ ಬಹಳ ದಿನ ಕಳೆದ ಕಣಕ್ಕೆ ಮಾತ್ರ ಮೂಡುತ್ತದೆ. ನನ್ನ ಟ್ಯೂಬುಗಳಲ್ಲಿದ್ದದ್ದು ಆ ಕೈಯನ್ನೇ ಹುಡುಕಿ ಹೋಗಿ ಬೇಡಿ ತೊಡಿಸುವ ಒಂದು ಪ್ರತಿಕಾಯ. ನಾವೇ ಬೆಂಗಳೂರಿನಲ್ಲಿ ತಯಾರಿಸಿದ್ದು.

ನಾವು ಎಂದರೆ ನಾನು ಮತ್ತು ನಮ್ಮ ಮೇಡಂ. ದಂಡಿನ ಕಡೆಯ ಒಂದು ವೈದ್ಯಕೀಯ ಕಾಲೇಜಿನ ಹಿಂಭಾಗದಲ್ಲಿ, ಹಳೆಯ ಹೆಂಚಿನ ಕಟ್ಟಡದಲ್ಲಿ ನಮ್ಮ ಲ್ಯಾಬು. ಡಾಕ್ಟರ್ ಫಿಲೋಮಿನಾ ಮೇಡಂ ಕುಕ್ ಟೌನಿನವರು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸುವ ಪೈಕಿ. ಪ್ರತಿಕಾಯಕ್ಕೆ ಹೆಸರಿಡುವ ದಿನ ಅವರು ಹೇಳಿದ್ದು ನೆನಪಿದೆ.

“ಸುಜಾತಾ, ದಿಸ್ ಈಸ್ ಯುವರ್ ಬೇಬಿ. ನಿಮ್ಮನೆ ಎಲ್ಲಿ? ಹಲಸೂರು. ಮುಗೀತು, ಹಲಸೂರು ಅಂತಾನೇ ಬರಿ.”

“ಅಯ್ಯೋ ಬೇಡ ಮೇಡಂ, ಸ್ವಲ್ಪ ಸ್ಟೈಲಾಗಿರೋದು ಇಡೋಣ.”

“ಏನಮ್ಮಾ ಸ್ಟೈಲು? ಪ್ಯಾರಿಸ್ ಅಂತ ಇಡ್ಲಾ?”

ನನಗೆ ಆಗ ಹಾಗೊಂದು ಚಾಳಿ ಇತ್ತು. ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ “ಇಂದಿರಾನಗರದ ಹತ್ತಿರ” ಎನ್ನುತ್ತಿದ್ದೆ. ನಮ್ಮ ಮನೆ ಇದ್ದದ್ದು ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಬಾಗಿಲಲ್ಲೇ ಬುದ್ಧನ ಪಟ, ಎದುರಿಗೆ ನಲ್ಲಿ, ನಲ್ಲಿಯ ಸುತ್ತ ಪ್ಲಾಸ್ಟಿಕ್ ಬಿಂದಿಗೆಗಳು. ಅಲ್ಲಿಂದ ಇಂದಿರಾನಗರ ಅಷ್ಟೇನೂ ಹತ್ತಿರವಿರಲಿಲ್ಲ.

ಲುಂಡ್‌ನಲ್ಲಿ ಹತ್ತು ದಿನದ ಒಂದು ಸಭೆ. ಬೇರೆ ಬೇರೆ ದೇಶಗಳವರು ತಾವು ಮಾಡಿದ ಪ್ರತಿಕಾಯಗಳನ್ನು ತರಬೇಕು. ಟ್ಯೂಬುಗಳ ಮೇಲಿನ ಹೆಸರು ತೆಗೆದು ನಂಬರು ಹಚ್ಚುತ್ತಾರೆ. ಯಾರದ್ದು ಎಂದು ಗೊತ್ತಿಲ್ಲದೆಯೇ ಪರೀಕ್ಷೆ ಮಾಡುತ್ತಾರೆ. ಪಾಸಾದದ್ದನ್ನು ಎಲ್ಲ ದೇಶದ ಲ್ಯಾಬುಗಳೂ ಬಳಸುತ್ತವೆ. ಫೇಲಾದದ್ದು ಬಂದ ಡಬ್ಬಿಯಲ್ಲೇ ವಾಪಸ್. ಮೇಡಂ ಮರುವರ್ಷ ನಿವೃತ್ತರಾಗುವವರಿದ್ದರು. ನಮ್ಮದು ಫೇಲಾದರೆ ಆ ಹೆಂಚಿನ ಕಟ್ಟಡದಲ್ಲಿ ಈ ಕೆಲಸ ಅವರ ಜೊತೆಗೇ ಮುಗಿಯುತ್ತಿತ್ತು.

ಹೊರಡುವ ದಿನವೂ ಲ್ಯಾಬಿನಲ್ಲಿ ಕರೆಂಟು ಇರಲಿಲ್ಲ. ನಮ್ಮ ಫ್ರಿಜ್ಜಿನ ಮೇಲೆ ನಮಗೆ ಎಂದೂ ನಂಬಿಕೆ ಇಲ್ಲ. ಕರೆಂಟು ಹೋದರೆ ರಸೆಲ್ ಮಾರ್ಕೆಟ್ಟಿನ ಮೀನಿನವರಿಂದ ಐಸು ತಂದು ಬಕೆಟ್ಟಿನಲ್ಲಿ ಸಾಮಾನು ಇಡುವವರು ನಾವು. ಅದರ ಮೇಲೆ ಇನ್ನೊಂದು ರಕ್ಷಣೆ ಎಂದು ಎಲ್ಲ ಟ್ಯೂಬಿಗೂ ಚೂರು ಅಜೈಡ್ ಹಾಕುತ್ತೇವೆ. ಅದು ವಿಷ. ಬೂಷ್ಟು, ಬ್ಯಾಕ್ಟೀರಿಯಾ ಹತ್ತಿರ ಸುಳಿಯುವುದಿಲ್ಲ. ಉಪ್ಪಿನಕಾಯಿಗೆ ಉಪ್ಪು ಹಾಕಿದಷ್ಟೇ ಸಹಜವಾಗಿ ಈ ಮೂರು ಟ್ಯೂಬಿಗೂ ಅದನ್ನು ಹಾಕಿ ಮುಚ್ಚಳ ಬಿಗಿದೆ.

ಅಮ್ಮನ ಚಿಂತೆಯೇ ಬೇರೆ. ಆಟೋ ಹತ್ತುವಾಗಲೂ ಹೇಳುತ್ತಿದ್ದಳು: “ಫ್ಲಾಸ್ಕ್ ಹುಷಾರು ಕಣೇ. ನಿಮ್ಮಪ್ಪ ತಂದಿದ್ದು. ಮುಚ್ಚಳ ಗಿಚ್ಚಳ ಕಳ್ಕೊಂಡು ಬಂದೀಯ!”

ಫ್ರಾಂಕ್‌ಫರ್ಟ್

ನಮ್ಮ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಫ್ಲಾಸ್ಕ್ ತೆಗೆಸಿದರು. “ಏನ್ರೀ ಇದು, ಬರೀ ಐಸು?” ಎಂದರು. ಕಾಲೇಜಿನ ಪತ್ರ ತೋರಿಸಿ, ಪ್ರತಿಕಾಯ, ಬಿಳಿ ರಕ್ತಕಣ ಎಂದು ಶುರು ಮಾಡಿದೆ. ಪುಣ್ಯಾತ್ಮ ಕೈಮುಗಿಯುವುದೊಂದು ಬಾಕಿ. “ಆಯ್ತು ಹೋಗಮ್ಮ, ಫ್ಲೈಟ್ ತಪ್ಪೋಗುತ್ತೆ” ಎಂದು ಕಳಿಸಿಬಿಟ್ಟರು.

ಫ್ರಾಂಕ್‌ಫರ್ಟಿನಲ್ಲಿ ಇಳಿಯುವ ಹೊತ್ತಿಗೆ ಫ್ಲಾಸ್ಕ್ ಅಲ್ಲಾಡಿಸಿದರೆ ಗುಳುಗುಳು ಸದ್ದು. ಐಸು ಕರಗುತ್ತಿತ್ತು. ಮುಂದಿನ ವಿಮಾನಕ್ಕೆ ಇನ್ನೂ ಅರ್ಧ ದಿನವಿತ್ತು. ನಿಲ್ದಾಣದ ಒಳಗಿದ್ದ ಒಂದು ಬಾರಿಗೆ ನುಗ್ಗಿದೆ. ಬದುಕಿನಲ್ಲಿ ಮೊದಲ ಬಾರಿಗೆ ಬಾರಿನ ಕಟ್ಟೆಗೆ ಮೊಳಕೈ ಊರಿ ನಿಂತದ್ದು, ಅದೂ ಚೂಡಿದಾರ್ ಮೇಲೆ ಅಮ್ಮನ ಸ್ವೆಟರ್ ಹಾಕಿಕೊಂಡು.

“ಐಸ್ ಕೊಡಿ,” ಎಂದೆ.

“ಯಾವುದರ ಜೊತೆ?” ಎಂದ ಬಾರಿನವನು.

“ಯಾವುದೂ ಬೇಡ. ಐಸ್ ಮಾತ್ರ.” ಫ್ಲಾಸ್ಕಿನ ಬಾಯಿ ತೆಗೆದು ಮುಂದೆ ಹಿಡಿದೆ.

ಅವನು ನನ್ನ ಮುಖ ನೋಡಿದ, ಫ್ಲಾಸ್ಕ್ ನೋಡಿದ. ಒಳಗಿದ್ದ ಟ್ಯೂಬುಗಳನ್ನೂ ಇಣುಕಿದ. ಇದು ಇಂಡಿಯಾದವರ ಯಾವುದೋ ಪದ್ಧತಿ ಎಂದುಕೊಂಡನೋ ಏನೋ, ಗಂಭೀರವಾಗಿ ಕಂಠಮಟ್ಟ ಐಸು ತುಂಬಿ, ಮೇಲೊಂದು ನಿಂಬೆಹಣ್ಣಿನ ಬಿಲ್ಲೆ ಇಟ್ಟು ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ನಿಂಬೆಯ ಬಿಲ್ಲೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

ಕೋಪನ್‌ಹೇಗನ್‌ನಿಂದ ಮುಂದೆ ಸಮುದ್ರ. ಆಗಿನ್ನೂ ಸೇತುವೆ ಇರಲಿಲ್ಲ, ದೋಣಿಯಲ್ಲೇ ದಾಟಬೇಕು. ಎಲ್ಲರೂ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ನಾನೊಬ್ಬಳು ಫ್ಲಾಸ್ಕನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದೆ.

ಬೇಕರಿ

ಲುಂಡ್ ಚಿಕ್ಕ ಊರು. ಮನುಷ್ಯರಿಗಿಂತ ಸೈಕಲ್ಲು ಜಾಸ್ತಿ, ಸೈಕಲ್ಲಿಗಿಂತ ಗಾಳಿ ಜಾಸ್ತಿ. ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಮೊದಲ ದಿನ ನಾನೇ ಕಿವುಡಿಯಾಗಿಬಿಟ್ಟೆನೇ ಎಂದು ಹೆದರಿದ್ದೆ.

ಬ್ರೆಡ್ ಕೊಳ್ಳಲು ಬೇಕರಿಗೆ ಹೋದೆ. ಒಳಗೆ ನಾಲ್ಕಾರು ಜನ ಗೋಡೆಗೊಬ್ಬರು ಮೂಲೆಗೊಬ್ಬರು ನಿಂತಿದ್ದಾರೆ, ಸಾಲಿಲ್ಲ. ಶಿವಾಜಿನಗರದಲ್ಲಿ ಬಸ್ಸು ಹತ್ತಿ ಬೆಳೆದವರಿಗೆ ಇದು ಬಾಗಿಲು ತೆರೆದಿಟ್ಟ ಹಾಗೆ. ನೇರ ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತೆ. ಬೇಕರಿಯಾಕೆ ನನ್ನನ್ನು ದಾಟಿ ಹಿಂದಿನವರನ್ನು ಕರೆದಳು, ಆಮೇಲೆ ಅವರ ಹಿಂದಿನವರನ್ನು, ಆಮೇಲೆ ನನ್ನ ನಂತರ ಬಂದವರನ್ನು. ನನಗೆ ರೇಗಿತು. ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾಳೆ ಎಂದು ಜಗಳಕ್ಕೆ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ ನನ್ನ ತೋಳು ಮುಟ್ಟಿ ಬಾಗಿಲ ಪಕ್ಕದ ಚಿಕ್ಕ ಯಂತ್ರವನ್ನು ತೋರಿಸಿದರು. ಅದರ ನಾಲಿಗೆ ಎಳೆದರೆ ನಂಬರಿನ ಚೀಟಿ ಬರುತ್ತದೆ. ಚೀಟಿ ಇಲ್ಲದವರು ಅಲ್ಲಿ ಇದ್ದರೂ ಇಲ್ಲದಂತೆ. ಜೋಡಿಸಿಕೊಂಡಿದ್ದ ವಾಕ್ಯಗಳನ್ನೆಲ್ಲ ನುಂಗಿಕೊಂಡು ಚೀಟಿ ಎಳೆದೆ.

ಇದೇ ಪಾಠವನ್ನು ನನ್ನ ವಸತಿಯ ನೆಲಮಾಳಿಗೆಯಲ್ಲೂ ಕಲಿಯಬೇಕಾಯಿತು. ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳಿದ್ದವು. ಎಲ್ಲ ಖಾಲಿ. ಬಟ್ಟೆ ತುಂಬಿದೆ. ಐದು ನಿಮಿಷಕ್ಕೆ ಒಬ್ಬ ಯುವತಿ ಇಳಿದು ಬಂದು, ಬಹಳ ಮೃದುವಾಗಿ, ಇದು ನನ್ನ ಹೊತ್ತು ಎಂದಳು. ಗೋಡೆಯ ಮೇಲಿನ ಹಾಳೆಯಲ್ಲಿ ಅವಳ ಹೆಸರಿತ್ತು. ಯಂತ್ರ ಇನ್ನೂ ಮೂರು ಖಾಲಿ ಇವೆಯಲ್ಲ ಎಂದೆ. “ಹೌದು, ಆದರೆ ಇದು ನನ್ನ ಹೊತ್ತು,” ಎಂದಳು ಇನ್ನಷ್ಟು ಮೃದುವಾಗಿ. ಸೋಪಿನ ನೀರು ಸೋರುವ ಬಟ್ಟೆಗಳನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತಿದೆ. ಸ್ವೀಡನ್ನಿನಲ್ಲಿ ಹೆಸರು ಬರೆಯದೆ ಏನೂ ಸಿಗುವುದಿಲ್ಲ, ಹೆಸರು ಬರೆದರೆ ಯಾರೂ ಕಸಿಯುವುದಿಲ್ಲ. ಎರಡನೆಯದನ್ನು ನಮ್ಮ ನಲ್ಲಿಯ ಹತ್ತಿರ ತರುವಂತಿದ್ದರೆ ಎಷ್ಟು ಜಗಳ ಉಳಿಯುತ್ತಿತ್ತು ಎಂದು ಅನ್ನಿಸಿತು.

ಲಾರ್ಸನ ಮನೆ

ಸಭೆ ನಡೆಸುತ್ತಿದ್ದವರು ಪ್ರೊಫೆಸರ್ ಗುನಿಲ್ಲಾ. ಅಲ್ಲಿ ಗುಡಿಸುವವರಿಂದ ಹಿಡಿದು ಎಲ್ಲರೂ ಅವರನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಯಿ ತಿರುಗಲಿಲ್ಲ. ಗುನಿಲ್ಲಾ ಮೇಡಂ ಎಂದೆ. ಎರಡು ದಿನದಲ್ಲಿ ಇಡೀ ಲ್ಯಾಬು ಅವರನ್ನು ತಮಾಷೆಗೆ ಗುನಿಲ್ಲಾ ಮೇಡಂ ಎನ್ನತೊಡಗಿತು.

ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಸೇರಬೇಕು. ಅದಕ್ಕೆ ಫೀಕಾ ಎಂದು ಹೆಸರು. ತಪ್ಪಿಸಿದರೆ ಆರೋಗ್ಯ ಸರಿಯಿಲ್ಲವೇ ಎಂದು ಕೇಳುತ್ತಾರೆ. ಅಲ್ಲೇ ಲಾರ್ಸನ ಪರಿಚಯವಾದದ್ದು. ಅವನು ವಿಜ್ಞಾನಿಯಲ್ಲ, ಆ ಕಟ್ಟಡದ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ನಮ್ಮ ಪರೀಕ್ಷೆಗೆ ಬಳಸುತ್ತಿದ್ದ ಬಿಳಿ ಕಣಗಳು ಅವನ ರಕ್ತದ್ದು. ವಾರಗಟ್ಟಲೆ ಮುಂಚೆ ರಕ್ತ ಕೊಟ್ಟಿದ್ದ. ಅದರಲ್ಲಿನ ಕಣಗಳನ್ನು ಕೆರಳಿಸಿ, ಕೈ ಮೂಡುವ ತನಕ ಬೆಳೆಸಿಟ್ಟಿದ್ದರು. ದಿನವೂ ಬಾಗಿಲಲ್ಲಿ ತಲೆ ಹಾಕಿ ವಿಚಾರಿಸುತ್ತಿದ್ದ.

“ನನ್ನ ಹುಡುಗರು ಹೇಗಿದ್ದಾರೆ?”

“ದುಂಡಗಾಗಿದ್ದಾರೆ,” ಎನ್ನುತ್ತಿದ್ದೆ.

“ತಂದೆಯ ಹಾಗೆ,” ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದ.

ಭಾನುವಾರ ಊಟಕ್ಕೆ ಕರೆದ. ಬಾಗಿಲಲ್ಲೇ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ! ವಿದೇಶದಲ್ಲಿ ಬೂಟು ಹಾಕಿಕೊಂಡೇ ಮಂಚ ಹತ್ತುತ್ತಾರೆ ಎಂದು ನಂಬಿದ್ದ ನನಗೆ ಆ ಸಾಲು ಬೂಟುಗಳನ್ನು ಕಂಡು ನಮ್ಮ ಗಲ್ಲಿಯ ನೆನಪಾಯಿತು. ಊಟಕ್ಕೆ ಅವನ ಹೆಂಡತಿ ಒಂದು ತಣ್ಣಗಿನ ಮಾಂಸದ ಪದಾರ್ಥ ಬಡಿಸಿದಳು. ಕರುವಿನ ಕಾಲನ್ನು ದಿನವಿಡೀ ಕುದಿಸಿ, ಆರಿಸಿ, ಗಟ್ಟಿಯಾದ ಮೇಲೆ ಬಿಲ್ಲೆ ಕತ್ತರಿಸಿದ್ದು. ತಟ್ಟೆ ಅಲ್ಲಾಡಿಸಿದೆ, ಅದೂ ಅಲ್ಲಾಡಿತು.

“ಲಾರ್ಸ್, ಇದು ಕೊಲ್ಲಾಜೆನ್! ನಿನ್ನ ಹುಡುಗರು ಹಿಡಿದುಕೊಳ್ಳೋದು ಇದನ್ನೇ. ನಮ್ಮೂರಲ್ಲಿ ಇದನ್ನೇ ಬಿಸಿಬಿಸಿಯಾಗಿ, ಮೆಣಸು ಹಾಕಿ ಕುಡೀತೀವಿ.”

“ಕುಡೀತೀರಾ?” ಎಂದು ಅವನ ಹೆಂಡತಿ ಕಣ್ಣರಳಿಸಿದಳು.

“ಬೆಳಬೆಳಿಗ್ಗೆ!” ಎಂದೆ ಜಂಬದಿಂದ. ಪಾಯಾದ ಬಗ್ಗೆ ನಾನು ಅಷ್ಟು ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು.

ಇಪ್ಪತ್ತಮೂರು

ನಮಗೆ ಬಂದಿದ್ದ ಪತ್ರದ ಪ್ರಕಾರ ಪರೀಕ್ಷೆ ಸುಲಭದ್ದು. ಪ್ರತಿಕಾಯ ಕಣದ ಮೇಲೆ ಕೂರುತ್ತದೆಯೇ ಇಲ್ಲವೇ ಎಂದು ನೋಡುವುದು, ಅಷ್ಟೇ. ಅದಕ್ಕೆ ಅಜೈಡ್ ಇದ್ದರೆ ತೊಂದರೆಯಿಲ್ಲ. ಆದರೆ ಸೋಮವಾರ ಗುನಿಲ್ಲಾ ಹೊಸದೊಂದು ಪರೀಕ್ಷೆ ಸೇರಿಸಿದರು. ಪಡ್ಡಿನ ಹಂಚಿನಲ್ಲಿ ಇರುವಂತೆ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಕೆಲವು ಗುಳಿಗಳಿಗೆ ಕೊಲ್ಲಾಜೆನ್ ಬಳಿದಿರುತ್ತಾರೆ, ಕೆಲವಕ್ಕೆ ಫೈಬ್ರೊನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನು. ಅದನ್ನು ಹಿಡಿಯಲು ಕಣಗಳಿಗೆ ಬೇರೆಯೇ ಕೈ ಇದೆ. ಲಾರ್ಸನ ಕಣಗಳನ್ನು ಪ್ರತಿಕಾಯದ ಜೊತೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ, ಹಿಡಿದುಕೊಂಡವು ಉಳಿಯುತ್ತವೆ, ಹಿಡಿಯದವು ಕೊಚ್ಚಿಹೋಗುತ್ತವೆ. ಕೊಲ್ಲಾಜೆನ್ನಿನ ಕೈಗೆ ಬೇಡಿ ಹಾಕುವ ಪ್ರತಿಕಾಯವಾದರೆ ಕೊಲ್ಲಾಜೆನ್ನಿನ ಗುಳಿ ಖಾಲಿಯಾಗಬೇಕು, ಫೈಬ್ರೊನೆಕ್ಟಿನ್ನಿನ ಗುಳಿ ತುಂಬಿರಬೇಕು. ನಮ್ಮದು ಬೆಂಗಳೂರಿನಲ್ಲಿ ಇದನ್ನೇ ಮಾಡಿತ್ತು. ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಯಲ್ಲಿ ಅಜೈಡ್ ಮರೆತೇಹೋಯಿತು. ಬೆಂಗಳೂರಿನಲ್ಲಿ ಈ ಪರೀಕ್ಷೆಗೆ ನಾವು ಬಳಸಿದ್ದು ಅದೇ ದಿನ ತೆಗೆದ ತಾಜಾ ದ್ರವ, ಅದಕ್ಕೆ ಏನೂ ಬೆರೆಸಿರಲಿಲ್ಲ.

ಮಾರನೆಯ ದಿನ ಫೀಕಾ ಹೊತ್ತಿಗೆ ಗುನಿಲ್ಲಾ ಫಲಿತಾಂಶ ಓದುತ್ತಿದ್ದರು.

“ಇಪ್ಪತ್ತಮೂರನೆಯ ನಂಬರು. ಕೊಲ್ಲಾಜೆನ್ ಗುಳಿ ಖಾಲಿ. ಫೈಬ್ರೊನೆಕ್ಟಿನ್ ಗುಳಿಯೂ ಖಾಲಿ. ಎಲ್ಲ ಗುಳಿಯೂ ಖಾಲಿ.”

“ಅದು ಪ್ರತಿಕಾಯವಲ್ಲ, ಇಲಿ ಪಾಷಾಣ,” ಎಂದರು ಯಾರೋ. ಎಲ್ಲರೂ ನಕ್ಕರು.

“ಪಾಪ ನನ್ನ ಹುಡುಗರು,” ಎಂದ ಲಾರ್ಸ್.

“ಇದನ್ನು ಕೈಬಿಡೋಣ,” ಎಂದು ಗುನಿಲ್ಲಾ ಪೆನ್ನು ಎತ್ತಿದರು.

ನಾನೂ ನಗುತ್ತಿದ್ದೆ. ಯಾರದ್ದೋ ಇರಬೇಕು ಪಾಪ ಎಂದುಕೊಂಡಿದ್ದೆ. ವಿಷ ಎಂಬ ಮಾತು ತಲೆಯಲ್ಲಿ ಒಂದು ಸುತ್ತು ಹಾಕಿ ಬಂದಾಗ ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟೆ. ಕಣವನ್ನು ಉಸಿರುಗಟ್ಟಿಸಿದರೆ ಅದು ಯಾವ ಕೈಯಿಂದಲೂ ಏನನ್ನೂ ಹಿಡಿಯಲಾರದು. ಅಂಥ ವಿಷವನ್ನು ಉಪ್ಪಿನಂತೆ ಹಾಕಿಕೊಂಡು ಬರುವವರು ಈ ಕೋಣೆಯಲ್ಲಿ ಯಾರು? ಕರೆಂಟು ಹೋಗುವ ಊರಿನವರು. ಸುತ್ತ ನೋಡಿದೆ. ಕರೆಂಟು ಹೋಗುವ ಊರಿನಿಂದ ಬಂದವಳು ನಾನೊಬ್ಬಳೇ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಂಬರು ಹಚ್ಚಿದ್ದ ಗುನಿಲ್ಲಾ ಒಬ್ಬರಿಗೇ ಗೊತ್ತು, ಅವರು ಹೇಳುವವರಲ್ಲ. ಆದರೆ ಸುಮ್ಮನಿದ್ದರೆ ಹಲಸೂರು ಅಲ್ಲಿಗೆ ಮುಗಿಯುತ್ತಿತ್ತು. ಎದ್ದು ನಿಂತೆ.

“ಆ ಇಲಿ ಪಾಷಾಣ ನಮ್ಮದು,” ಎಂದೆ.

ನಗು ನಿಂತಿತು. ಅಜೈಡಿನ ವಿಷಯ ಹೇಳಿದೆ.

“ಯಾಕೆ ಹಾಕಿದಿರಿ?” ಎಂದರು ಗುನಿಲ್ಲಾ. ಅವರ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು.

“ಕರೆಂಟು ಹೋಗುತ್ತೆ.”

“ಯಾವಾಗ?”

“ದಿನಾ.”

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಕರೆಂಟೇ ಹೋಗದ ಊರಿನಲ್ಲಿ ಇದನ್ನು ಮಾಡುವುದು ಏನು ಮಹಾ? ನಾವು ಮೀನಿನ ಮಾರ್ಕೆಟ್ಟಿನ ಐಸು ಹೊತ್ತು ಮಾಡಿದ್ದೇವೆ ಎಂದುಬಿಟ್ಟೆ. “ಅಜೈಡ್ ತೆಗೆದು ಇನ್ನೊಮ್ಮೆ ನೋಡಿ. ಆಗಲೂ ಎಲ್ಲ ಗುಳಿ ಖಾಲಿಯಾದರೆ ನಾನೇ ಎತ್ತಿ ಚರಂಡಿಗೆ ಸುರಿತೀನಿ.”

ಗುನಿಲ್ಲಾ ಪೆನ್ನು ಕೆಳಗಿಟ್ಟರು. “ಗುರುವಾರದವರೆಗೆ ಹೊತ್ತಿದೆ,” ಎಂದರು.

ಬಕೆಟ್ಟು

ಅಜೈಡ್ ತೆಗೆಯಲು ಅಲ್ಲೊಂದು ಯಂತ್ರವಿತ್ತು. ಚಹಾ ಸೋಸುವಷ್ಟು ಹೊತ್ತಿನ ಕೆಲಸ. ಓಡಿದೆ. ಗೋಡೆಯ ಮೇಲೆ ಹಾಳೆ ಇತ್ತು. ಗುರುವಾರದ ತನಕ ಎಲ್ಲ ಹೊತ್ತಿಗೂ ಬೇರೆಯವರ ಹೆಸರು. ಅವರಲ್ಲಿ ಒಬ್ಬನನ್ನು ಕೇಳಿದೆ. ಬಟ್ಟೆ ಒಗೆಯುವ ಯುವತಿಗಿಂತಲೂ ಮೃದುವಾಗಿ ಕ್ಷಮೆ ಕೇಳಿ, ಇದು ನನ್ನ ಹೊತ್ತು ಎಂದ.

ಆಗಲಿ. ನಮಗೆ ಯಂತ್ರ ಯಾವಾಗ ಇತ್ತು? ಬೆಂಗಳೂರಿನಲ್ಲಿ ನಾವು ಮಾಡುವುದು ಹಳೆಯ ವಿಧಾನ. ಬೇಯಿಸಿದ ತೆಳುಪೊರೆಯ ಕೊಳವೆಗೆ ದ್ರವ ತುಂಬಿ ಎರಡೂ ತುದಿಗೆ ಗಂಟು ಹಾಕಿ ಉಪ್ಪುನೀರಿನಲ್ಲಿ ತೇಲಿಬಿಡುವುದು. ಸಣ್ಣದಾದ ಅಜೈಡ್ ಪೊರೆಯಿಂದ ಹೊರಗೆ ಸೋರಿಹೋಗುತ್ತದೆ, ದೊಡ್ಡದಾದ ಪ್ರತಿಕಾಯ ಒಳಗೇ ಉಳಿಯುತ್ತದೆ. ನೀರನ್ನು ಮತ್ತೆ ಮತ್ತೆ ಬದಲಿಸಬೇಕು, ತಣ್ಣಗೆ ಇಡಬೇಕು. ಪೊರೆ ಒಂದು ಬೀರುವಿನ ಮೂಲೆಯಲ್ಲಿ ಸಿಕ್ಕಿತು. ಅದಕ್ಕೆ ಯಾರೂ ಹೆಸರು ಬರೆದಿರಲಿಲ್ಲ, ಯಾರೂ ಬಳಸುವುದನ್ನೇ ಬಿಟ್ಟಿದ್ದರು. ದೊಡ್ಡ ಪಾತ್ರೆಯೊಂದು ಬೇಕಿತ್ತು.

ಲಾರ್ಸ್ ತನ್ನ ವರ್ಕ್‌ಶಾಪಿನಿಂದ ಹೊಸ ಬಕೆಟ್ಟು ತಂದ. ಕೆಂಪು ಪ್ಲಾಸ್ಟಿಕ್ಕಿನದು, ಥೇಟು ನಮ್ಮ ನಲ್ಲಿಯ ಹತ್ತಿರ ಇರುವಂಥದು. ಅದನ್ನು ನೋಡಿ ನನಗೆ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಧೈರ್ಯ ಬಂತು.

ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತೆ. ಐಸು ತರಬೇಕಾಗಿರಲಿಲ್ಲ, ಆ ದೇಶವೇ ಒಂದು ಕೋಲ್ಡ್ ರೂಮು. ನೀರು ಚೆಲ್ಲುವುದು, ತುಂಬುವುದು, ಕಾಯುವುದು. ಬೇರೆ ಲ್ಯಾಬಿನವರು ಬಂದು ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದರು. ಕೆಲವರು ಇದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದರಂತೆ. ಒಬ್ಬಾಕೆ ಗಂಟು ಹೇಗೆ ಹಾಕಿದೆ ಎಂದು ಕೇಳಿ ಕಲಿತುಕೊಂಡಳು. ಮಲ್ಲಿಗೆ ಕಟ್ಟಿದ ಕೈಗೆ ಗಂಟೇನು ಕಷ್ಟ? ಲಾರ್ಸ್ ಪ್ರತಿ ಬಾರಿ ನೀರು ಬದಲಿಸುವಾಗಲೂ ಹಾಜರು. “ಈ ಬಾರಿ ನನ್ನ ಹುಡುಗರನ್ನು ಕೊಲ್ಲೋದಿಲ್ಲ ತಾನೆ?” ಎಂದ.

“ಕೊಲ್ಲೋದಿಲ್ಲ. ಕೈ ಕಟ್ಟಿಹಾಕ್ತೀನಿ ಅಷ್ಟೇ. ಅದೂ ಒಂದೇ ಕೈ.”

ಗುರುವಾರ ಗುನಿಲ್ಲಾ ನನ್ನ ಟ್ಯೂಬಿಗೆ ಹೊಸ ನಂಬರು ಹಚ್ಚಿ ಬೇರೆ ನಾಲ್ಕು ಟ್ಯೂಬುಗಳ ನಡುವೆ ಇಟ್ಟು ಪರೀಕ್ಷೆಗೆ ಕೊಟ್ಟರು. ಯಾವುದು ನನ್ನದು ಎಂದು ನನಗೂ ಹೇಳಲಿಲ್ಲ. ಕಣಗಳನ್ನು ತೊಳೆದಾದ ಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಅವರೇ ಓದಿದರು. ನಾವೆಲ್ಲ ಹಿಂದೆ ನಿಂತಿದ್ದೆವು. ಮೊದಲ ಟ್ಯೂಬು, ಎರಡೂ ಗುಳಿ ತುಂಬಿವೆ. ಎರಡನೆಯದು, ತುಂಬಿವೆ. ಮೂರನೆಯದಕ್ಕೆ ಬಂದಾಗ ಅವರು ತಟ್ಟೆಯನ್ನು ಆಚೆ ಈಚೆ ಸರಿಸಿ ಬಹಳ ಹೊತ್ತು ನೋಡಿದರು.

“ಫೈಬ್ರೊನೆಕ್ಟಿನ್ ಗುಳಿ ತುಂಬಿದೆ,” ಎಂದರು. ಆಮೇಲೆ, “ಕೊಲ್ಲಾಜೆನ್ ಗುಳಿ... ಸುಜಾತಾ, ಬನ್ನಿ, ನೀವೇ ನೋಡಿ.”

ಕಣ್ಣಿಟ್ಟು ನೋಡಿದೆ. ಒಂದು ಗುಳಿಯಲ್ಲಿ ಲಾರ್ಸನ ಕಣಗಳು ಕೈಕಾಲು ಚಾಚಿ ನೆಲ ಕಚ್ಚಿ ಹಿಡಿದಿದ್ದವು. ಪಕ್ಕದ್ದು ಹಬ್ಬದ ಬೆಳಿಗ್ಗೆ ಗುಡಿಸಿ ನೀರು ಹಾಕಿದ ಅಂಗಳದಷ್ಟು ಚೊಕ್ಕಟ. ನನ್ನ ಕಣ್ಣು ಮಂಜಾಗಿ ಸೂಕ್ಷ್ಮದರ್ಶಕದ ತಿರುಪನ್ನು ಮತ್ತೆ ಮತ್ತೆ ತಿರುಗಿಸಿದೆ. ತಪ್ಪು ಸೂಕ್ಷ್ಮದರ್ಶಕದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಇಡೀ ಸಭೆಯಲ್ಲಿ ಒಂದು ಕೈಯನ್ನಷ್ಟೇ ಹಿಡಿದು ಇನ್ನೊಂದನ್ನು ಮುಟ್ಟದೆ ಬಿಟ್ಟದ್ದು ನಮ್ಮದೊಂದೇ. ಹೆಂಚಿನ ಕಟ್ಟಡದ್ದು. ಮೀನಿನ ಐಸಿನದು.

ಕೇಕು

ಗೆದ್ದವರೇ ಕೇಕು ತರುವುದು ಅಲ್ಲಿನ ಪದ್ಧತಿ. ನಮ್ಮಲ್ಲೂ ಪಾಸಾದವರೇ ತಾನೆ ಸ್ವೀಟು ಹಂಚುವುದು? ಅದೇ ಬೇಕರಿಗೆ ಹೋದೆ. ಈ ಬಾರಿ ಮೊದಲು ಚೀಟಿ ಎಳೆದೆ. ಕೇಕಿನ ಮೇಲೆ ಯಾವ ಹೆಸರು ಬರೆಯಲಿ ಎಂದು ಬೇಕರಿಯಾಕೆ ಕೇಳಿದಳು. ಕಾಗದದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹಲಸೂರು ಎಂದು ಬರೆದುಕೊಟ್ಟೆ. ಅವಳು ಕಾಗದವನ್ನು ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಿದಳು. “ಎಂಥ ದುಂಡು ಅಕ್ಷರಗಳು,” ಎಂದು ಕ್ರೀಮಿನಲ್ಲಿ ನಿಧಾನವಾಗಿ ಬಿಡಿಸಿದಳು. ಸೂ ಅಕ್ಷರದ ಬಾಲ ಸ್ವಲ್ಪ ಉದ್ದವಾಯಿತು, ಅಷ್ಟೇ.

ಫೀಕಾದಲ್ಲಿ ಎಲ್ಲರೂ ಆ ಹೆಸರನ್ನು ಹೇಳಲು ಪ್ರಯತ್ನಿಸಿದರು. ಹಾಲಾಸುರು, ಹಲ್ಲಸೂರ್. ಅದು ಯಾರ ಹೆಸರು ಎಂದು ಗುನಿಲ್ಲಾ ಕೇಳಿದರು. ನನ್ನ ಮನೆ ಇರುವ ಜಾಗ ಎಂದೆ. ಕೆರೆ ಇದೆ, ಹಳೆಯ ಗುಡಿ ಇದೆ, ಮಾರುಕಟ್ಟೆ ಇದೆ, ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಲ್ಲಿ ಇದೆ, ನಲ್ಲಿಯ ಎದುರಿನ ಮನೆ ನಮ್ಮದು ಎಂದು ಎಲ್ಲ ಹೇಳಿದೆ. ಇಂದಿರಾನಗರದ ಸುದ್ದಿ ಎತ್ತಲೇ ಇಲ್ಲ.

ಕೇಕು ಕರಗುತ್ತ ಬಂತು. ಸ್ವೀಡನ್ನಿನವರು ಕೊನೆಯ ತುಂಡನ್ನು ಸತ್ತರೂ ಎತ್ತುವುದಿಲ್ಲ, ಅದು ದುರಾಸೆಯಂತೆ. ಹ ಅಕ್ಷರವಿದ್ದ ತುಂಡು ತಟ್ಟೆಯಲ್ಲಿ ಉಳಿಯಿತು. ಒಬ್ಬರು ಅದನ್ನು ಅರ್ಧ ಮಾಡಿ ತಿಂದರು. ಇನ್ನೊಬ್ಬರು ಆ ಅರ್ಧದ ಅರ್ಧ. ಲಾರ್ಸ್ ಚಾಕು ಹಿಡಿದು ಕಾಲುಭಾಗವನ್ನೂ ಸೀಳಲು ಹೊರಟಾಗ ನಾನು ತಟ್ಟೆ ಎಳೆದುಕೊಂಡೆ.

“ಬಿಡು ಲಾರ್ಸ್. ಇದು ನನ್ನ ಹೊತ್ತು,” ಎಂದೆ.

ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಆ ಹತ್ತು ದಿನದಲ್ಲಿ ನಾನು ಕೇಳಿರಲಿಲ್ಲ. ಆ ಚೂರನ್ನು ತಿಂದು ಬೆರಳನ್ನೂ ನೆಕ್ಕಿದೆ.

ಮತ್ತೆ ಹಲಸೂರು

ಬೆಂಗಳೂರಿನಲ್ಲಿ ಇಳಿದು ಹೊರಬಂದರೆ ಆಟೋದವರು ಮುತ್ತಿಕೊಂಡರು. ಚೀಟಿಯೂ ಇಲ್ಲ, ಸಾಲೂ ಇಲ್ಲ. ಕಿವಿ ತುಂಬಿ ಹಿತವಾಯಿತು.

“ಎಲ್ಲಿಗ್ ಮೇಡಂ? ಇಂದಿರಾನಗರಾನಾ?”

“ಅಲ್ಲ ಗುರು, ಹಲಸೂರು,” ಎಂದೆ. “ಹಲಸೂರು ಮಾರ್ಕೆಟ್ ಹಿಂದೆ.”

ಮೊದಲು ಲ್ಯಾಬಿಗೆ ಹೋಗು ಎಂದು ದಾರಿಯಲ್ಲಿ ಅವನಿಗೆ ಹೇಳಿದೆ. ಅಲ್ಲಿ ಕರೆಂಟು ಇರಲಿಲ್ಲ. ಫಿಲೋಮಿನಾ ಮೇಡಂ ಕಿಟಕಿಯ ಹತ್ತಿರ ಬೆಳಕಿಗೆ ತಟ್ಟೆ ಹಿಡಿದು ಏನೋ ನೋಡುತ್ತಿದ್ದರು. ನನ್ನನ್ನು ಕಂಡು ತಟ್ಟೆ ಕೆಳಗಿಟ್ಟರು. ಕೇಳಲು ಧೈರ್ಯವಾಗಲಿಲ್ಲವೋ ಏನೋ, ಕನ್ನಡಕ ತೆಗೆದು ಒರೆಸತೊಡಗಿದರು.

“ಕೊಲ್ಲಾಜೆನ್ ಗುಳಿ ಖಾಲಿ ಮೇಡಂ. ಫೈಬ್ರೊನೆಕ್ಟಿನ್ ಫುಲ್,” ಎಂದೆ. “ತಗೊಂಡ್ರು. ಹಲಸೂರು ಅಂತಾನೇ ಬರ್ಕೊಂಡ್ರು.” ಇಲಿ ಪಾಷಾಣದ ಕಥೆಯನ್ನೂ ಹೇಳಿದೆ.

ಮೇಡಂ ಕನ್ನಡಕ ಒರೆಸುವುದನ್ನು ನಿಲ್ಲಿಸಲಿಲ್ಲ. “ನಾನ್ ಹೇಳ್ಲಿಲ್ವಾ ಕಣ್ಣಮ್ಮಾ? ಐ ಟೋಲ್ಡ್ ಯೂ,” ಎನ್ನುತ್ತಲೇ ಇದ್ದರು. ನಿವೃತ್ತಿಯಾಗುವವರ ದನಿ ಅದಾಗಿರಲಿಲ್ಲ. ನಾಳೆಯಿಂದ ಹೊಸ ಬ್ಯಾಚ್ ಬೆಳೆಸಬೇಕು, ಎಲ್ಲಾ ಕಡೆಯಿಂದ ಕೇಳ್ತಾರೆ, ಅದರಲ್ಲಿ ಅರ್ಧಕ್ಕೆ ಅಜೈಡ್ ಹಾಕ್ಬೇಡ ಎಂದು ಆಗಲೇ ಹುಕುಂ ಶುರುವಾಗಿತ್ತು.

ಗಲ್ಲಿಯಲ್ಲಿ ಆಟೋ ನಿಂತಾಗ ಅಮ್ಮ ನಲ್ಲಿಯ ಹತ್ತಿರವೇ ಇದ್ದಳು, ನಾಲ್ಕು ಜನ ಅಕ್ಕಪಕ್ಕದವರ ಜೊತೆ. ಮೊದಲು ಫ್ಲಾಸ್ಕ್ ಇಸಿದುಕೊಂಡು ಮುಚ್ಚಳ ನೋಡಿದಳು, ಇತ್ತು. ಮೂಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಏನಾಯ್ತೇ?”

“ನಮ್ದು ಪಾಸಾಯ್ತಮ್ಮ. ಇನ್ಮೇಲೆ ಎಲ್ಲಾ ದೇಶದೋರೂ ಅದನ್ನ ಕೇಳಿ ತರಿಸ್ಕೋತಾರೆ. ಹಲಸೂರು ಕೊಡಿ ಅಂತ ಕೇಳ್ಬೇಕು.”

ಪಕ್ಕದ ಮನೆಯ ಸೆಲ್ವಿ ಅಕ್ಕ, “ಎಲ್ಲಿಗ್ ಹೋಗಿದ್ಲು ಮಗ್ಳು?” ಎಂದು ಕೇಳಿದರು. ಅಮ್ಮ ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿದು, ಇಡೀ ಗಲ್ಲಿಗೆ ಕೇಳುವಂತೆ ಹೇಳಿದಳು:

“ನಮ್ಮ ಹಲಸೂರನ್ನ ಕೊಟ್ಬಿಟ್ಟು ಬರೋಕ್ ಹೋಗಿದ್ಲು. ಅವ್ರ ಹತ್ರ ಇರ್ಲಿಲ್ವಂತೆ.”